ಆಡಿಯೊ ಸ್ಟ್ರೀಮಿಂಗ್ ಸರ್ವರ್‌ಗೆ ಬೀಗ: ಮೊದಲು ಯಾವ ಬಾಗಿಲಿಗೆ?

1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದರು. ಅದಕ್ಕೆ ಆಕಾಶವಾಣಿ ಅನ್ನುವ ಹೆಸರಿತ್ತು. ಅದೇ ಹೆಸರು ಮುಂದೆ ಇಡೀ ದೇಶದ ರೇಡಿಯೊದ್ದಾಯಿತು. ಆ ಪ್ರಸಾರವನ್ನು ಯಾರು ಕೇಳುತ್ತಿದ್ದಾರೆ ಅಂತ ತಿಳಿಯುವ ದಾರಿ ಪ್ರಸಾರ ಮಾಡುವವರಿಗೆ ಇರಲಿಲ್ಲ. ಒಂದು ಕಾಲದಲ್ಲಿ ರೇಡಿಯೊ ಸೆಟ್ ಇಟ್ಟುಕೊಂಡವರು ಪೋಸ್ಟಾಫೀಸಿಗೆ ಹೋಗಿ ಲೈಸೆನ್ಸ್ ದುಡ್ಡು ಕಟ್ಟಬೇಕಿತ್ತು, ನಿಜ. ಆದರೆ ಕಟ್ಟದವರ ಸೆಟ್ಟೂ ಹಾಡುತ್ತಿತ್ತು. ಗಾಳಿಯಲ್ಲಿ ಹೋಗುವ ಅಲೆ ಯಾರ ಹೆಸರನ್ನೂ ಕೇಳುವುದಿಲ್ಲ.

ಇಂಟರ್ನೆಟ್ ರೇಡಿಯೊ ಹಾಗಲ್ಲ. ಇಲ್ಲಿ ಪ್ರತಿಯೊಬ್ಬ ಕೇಳುಗನಿಗೂ ಸರ್ವರ್‌ನಿಂದ ಬೇರೆ ಬೇರೆ ಸಂಪರ್ಕ ಇರುತ್ತದೆ. ನೂರು ಜನ ಕೇಳುತ್ತಿದ್ದರೆ ಒಂದೇ ಹಾಡು ನೂರು ಸಲ ಹೊರಗೆ ಹೋಗುತ್ತದೆ. ಖರ್ಚು ಜಾಸ್ತಿ ಆಗುವುದು ಇದರಿಂದಲೇ. ನೀನು ಯಾರು ಅಂತ ಒಬ್ಬೊಬ್ಬರನ್ನೂ ಕೇಳಲು ಆಗುವುದೂ ಇದರಿಂದಲೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನಲ್ಲಿ ಒಂದು ಚಿಕ್ಕ ಸಂಗೀತ ಸಭೆ. 150 ಸದಸ್ಯರು. ರಾಮನವಮಿ ಕಛೇರಿಗಳನ್ನು ಸದಸ್ಯರಿಗೆ ಮಾತ್ರ ನೇರವಾಗಿ ಕೇಳಿಸಬೇಕು. ಕೆಲವರು ಮಂಡ್ಯದಲ್ಲಿದ್ದಾರೆ, ಕೆಲವರು ಮಕ್ಕಳ ಜೊತೆ ಅಮೆರಿಕದಲ್ಲಿದ್ದಾರೆ. ಸೆಕೆಂಡಿಗೆ 128 ಕಿಲೋಬಿಟ್ ಗುಣಮಟ್ಟ ಅಂದರೆ ಒಬ್ಬರಿಗೆ ಗಂಟೆಗೆ ಸುಮಾರು 58 ಎಂಬಿ. 150 ಜನ ಮೂರು ಗಂಟೆ ಕೇಳಿದರೆ ಸುಮಾರು 26 ಜಿಬಿ. ಲಿಂಕ್ ವಾಟ್ಸಾಪ್ ಗ್ರೂಪುಗಳಲ್ಲಿ ಹರಿದಾಡಿ ಸಾವಿರ ಜನ ಬಂದರೆ ಬಾಡಿಗೆ ಸರ್ವರ್‌ನ ಡೇಟಾ ಏನಾಗಬಹುದು, ನೀವೇ ಲೆಕ್ಕ ಹಾಕಿ. ಪಾಸ್‌ವರ್ಡ್ ಅನ್ನುವ ಬೀಗ ಬೇಕು ಅನ್ನುವ ಮಾತು ಸಾಮಾನ್ಯವಾಗಿ ಇಲ್ಲಿಂದಲೇ ಶುರುವಾಗುತ್ತದೆ.

ಇಂಥ ಕೆಲಸಕ್ಕೆ ಹೆಚ್ಚು ಜನ ಬಳಸುವುದು ಐಸ್‌ಕಾಸ್ಟ್. ಕ್ಸಿಫ್ ಡಾಟ್ ಆರ್ಗ್ ಫೌಂಡೇಶನ್ ನೋಡಿಕೊಳ್ಳುವ ಮುಕ್ತ ತಂತ್ರಾಂಶ. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ಬೇರೆ ಸರ್ವರ್‌ಗಳಲ್ಲಿ ಹೆಸರು ಬದಲಾಗಬಹುದು, ಯೋಚನೆ ಮಾಡುವ ರೀತಿ ಬಹುತೇಕ ಇದೇ.

ನಾಲ್ಕು ಬಾಗಿಲು

ಐಸ್‌ಕಾಸ್ಟ್‌ಗೆ ನಾಲ್ಕು ಥರದವರು ಬರುತ್ತಾರೆ. ಮೊದಲನೆಯದು ಸೋರ್ಸ್, ಅಂದರೆ ಹಾಡನ್ನು ಒಳಗೆ ಕಳಿಸುವ ಲ್ಯಾಪ್‌ಟಾಪ್. ಅದು ವೇದಿಕೆ ಪಕ್ಕದ ಮಿಕ್ಸರ್‌ಗೆ ತಗುಲಿಕೊಂಡಿರುತ್ತದೆ. ಎರಡನೆಯವರು ಕೇಳುಗರು. ಮೂರನೆಯವರು ಅಡ್ಮಿನ್, ಸರ್ವರ್‌ನ ಯಜಮಾನರು. ನಾಲ್ಕನೆಯದು ರಿಲೇ. ಈ ಸರ್ವರ್‌ನ ಹಾಡನ್ನು ಎತ್ತಿಕೊಂಡು ಮುಂದಕ್ಕೆ ಹಂಚುವ ಇನ್ನೊಂದು ಸರ್ವರ್ ಅದು. ಚಿಕ್ಕ ಸಭೆಗೆ ರಿಲೇ ಬೇಕಾಗುವುದಿಲ್ಲ.

ಬಹಳ ಜನ ತಲೆ ಕೆಡಿಸಿಕೊಳ್ಳುವುದು ಕೇಳುಗರ ಬೀಗದ ಬಗ್ಗೆ. ನನ್ನ ಪ್ರಕಾರ ಅದು ಕೊನೆಯ ಕೆಲಸ. ಛತ್ರದ ಮದುವೆಗೆ ಕರೆಯದವನೊಬ್ಬ ಬಂದು ಪಂಕ್ತಿಯಲ್ಲಿ ಕೂತರೆ ಒಂದು ಎಲೆ ಖರ್ಚು, ಅಷ್ಟೇ. ಮೈಕ್ ಅವನ ಕೈಗೆ ಸಿಕ್ಕರೆ? ಸೋರ್ಸ್ ಪಾಸ್‌ವರ್ಡ್ ಹೋಯಿತು ಅಂದರೆ ಮೈಕ್ ಹೋದ ಹಾಗೆ. ಅಡ್ಮಿನ್ ಪಾಸ್‌ವರ್ಡ್ ಹೋದರೆ ಛತ್ರದ ಬೀಗದ ಕೈಯೇ ಹೋದ ಹಾಗೆ.

ಐಸ್‌ಕಾಸ್ಟ್‌ನ ಎಲ್ಲ ಸೆಟ್ಟಿಂಗ್‌ಗಳೂ ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ ಇರುತ್ತವೆ. ಉಬುಂಟು, ಡೆಬಿಯನ್ ಅನ್ನುವ ಲಿನಕ್ಸ್ ಬಗೆಗಳಲ್ಲಿ ಅದು ಇಟಿಸಿ ಫೋಲ್ಡರ್ ಒಳಗಿನ ಐಸ್‌ಕಾಸ್ಟ್2 ಫೋಲ್ಡರಿನಲ್ಲಿ ಸಿಗುತ್ತದೆ. ಅದರಲ್ಲಿ ಅಥೆಂಟಿಕೇಶನ್ ಅನ್ನುವ ಭಾಗ ಹುಡುಕಿ. ಸೋರ್ಸ್, ರಿಲೇ, ಅಡ್ಮಿನ್, ಮೂರರ ಪಾಸ್‌ವರ್ಡೂ ಅಲ್ಲಿದೆ. ಐಸ್‌ಕಾಸ್ಟ್ ಜೊತೆ ಬರುವ ಮಾದರಿ ಫೈಲಿನಲ್ಲಿ ಮೂರಕ್ಕೂ ಹ್ಯಾಕ್‌ಮಿ ಅಂತ ಬರೆದಿರುತ್ತದೆ. ಬದಲಾಯಿಸದಿದ್ದರೆ ಏನಾಗುತ್ತದೆ ಅಂತ ಪಾಸ್‌ವರ್ಡೇ ಬಾಯಿಬಿಟ್ಟು ಹೇಳುತ್ತಿದೆ! ಡೀಫಾಲ್ಟ್ ಪೋರ್ಟ್, ಅಂದರೆ ನಾವು ಬದಲಾಯಿಸದಿದ್ದರೆ ಸರ್ವರ್ ಸಂಪರ್ಕಕ್ಕೆ ತೆರೆದಿಡುವ ದಾರಿಯ ಸಂಖ್ಯೆ, 8000 ಅನ್ನುವುದೂ ಎಲ್ಲರಿಗೂ ಗೊತ್ತು. ಅಂಥ ಪೋರ್ಟ್‌ಗಳನ್ನು ಹುಡುಕುತ್ತಾ ತಿರುಗುವ ಪ್ರೋಗ್ರಾಂಗಳು ಇಂಟರ್ನೆಟ್ ತುಂಬಾ ಇವೆ. ಆದ್ದರಿಂದ ಮೂರಕ್ಕೂ ಬೇರೆ ಬೇರೆ, ಉದ್ದನೆಯ ಪಾಸ್‌ವರ್ಡ್ ಇಡಿ. ಇವನ್ನು ಯಾರೂ ದಿನಾ ಟೈಪ್ ಮಾಡುವುದಿಲ್ಲ, ಆದ್ದರಿಂದ ನೆನಪಿನ ಚಿಂತೆ ಬೇಡ.

ಪಾಸ್‌ವರ್ಡ್‌ನಲ್ಲಿ ಯಾವ ಚಿಹ್ನೆ ಹಾಕುತ್ತೀರಿ ಅನ್ನುವುದರಲ್ಲೂ ಸ್ವಲ್ಪ ಹುಷಾರು. ಆಂಪರ್‌ಸ್ಯಾಂಡ್ ಚಿಹ್ನೆಯನ್ನು ಹಾಗೇ ಬರೆದರೆ ಎಕ್ಸ್‌ಎಂಎಲ್ ಫೈಲೇ ಮುರಿಯುತ್ತದೆ, ಸರ್ವರ್ ಏಳುವುದಿಲ್ಲ. ಅಟ್, ಕೋಲನ್, ಹ್ಯಾಶ್ ಚಿಹ್ನೆಗಳು ವೆಬ್ ವಿಳಾಸದೊಳಗೆ ಸೇರಿದಾಗ ಗೊಂದಲ ಮಾಡುತ್ತವೆ. ಕನ್ನಡ ಅಕ್ಷರದಲ್ಲೇ ಪಾಸ್‌ವರ್ಡ್ ಇಡೋಣ ಅಂತ ಆಸೆಯಾಗಬಹುದು. ಒಂದೊಂದು ಪ್ಲೇಯರ್ ಆ ಅಕ್ಷರಗಳನ್ನು ಒಂದೊಂದು ರೀತಿ ಕಳಿಸಿ, ಸರಿಯಾದ ಪಾಸ್‌ವರ್ಡೇ ತಪ್ಪು ಅನ್ನಿಸಿಕೊಳ್ಳಬಹುದು. ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಸಾಕು. ಉದ್ದ ಇದ್ದರೆ ಬಲ ತಾನಾಗಿಯೇ ಬರುತ್ತದೆ.

ಮೈಕ್ ಕಾಯುವುದು

ಸೋರ್ಸ್ ಪಾಸ್‌ವರ್ಡ್ ಬಗ್ಗೆ ಸ್ವಲ್ಪ ನಿಂತು ನೋಡಬೇಕು. ಐಸ್‌ಕಾಸ್ಟ್‌ನಲ್ಲಿ ಪ್ರತಿ ಸ್ಟ್ರೀಮ್‌ಗೂ ಒಂದು ವಿಳಾಸ ಇರುತ್ತದೆ. ಅದನ್ನು ಮೌಂಟ್ ಅನ್ನುತ್ತಾರೆ. ನಮ್ಮ ಸಭೆಯ ಮೌಂಟ್ ಹೆಸರು ಕಛೇರಿ ಅಂದುಕೊಳ್ಳಿ. ಒಂದು ಮೌಂಟ್‌ಗೆ ಒಂದು ಸಲಕ್ಕೆ ಒಬ್ಬರೇ ಹಾಡು ಕಳಿಸಬಹುದು. ಇನ್ನೊಬ್ಬರು ಬಂದರೆ, ಪಾಸ್‌ವರ್ಡ್ ಸರಿ ಇದ್ದರೂ, ಮೌಂಟ್ ಬಳಕೆಯಲ್ಲಿದೆ ಅಂತ ಹೇಳಿ 403 ಸಂಖ್ಯೆಯ ಉತ್ತರ ಕೊಟ್ಟು ವಾಪಸ್ ಕಳಿಸುತ್ತದೆ.

ಹಾಗಾದರೆ ಕಛೇರಿ ನಡೆಯುವಾಗ ಯಾರೂ ಕಿತ್ತುಕೊಳ್ಳಲಾರರು, ಸರಿ ತಾನೆ? ಅರ್ಧ ಸರಿ. ಕಛೇರಿ ಆರು ಗಂಟೆಗೆ. ಐದೂವರೆಗೇ ಯಾರೋ ಬಂದು ಮೌಂಟ್ ಹಿಡಿದು ಕೂತರೆ, ಆರಕ್ಕೆ 403 ಸಿಗುವುದು ನಿಮ್ಮ ಲ್ಯಾಪ್‌ಟಾಪ್‌ಗೆ. ನಡುವೆ ನಿಮ್ಮ ನೆಟ್ ಒಂದು ಕ್ಷಣ ಕಡಿದರೂ ಆ ಜಾಗ ಖಾಲಿ. ಆಗ ಅಡ್ಮಿನ್ ಪುಟಕ್ಕೆ ಹೋಗಿ ಆ ಸೋರ್ಸನ್ನು ಕಿತ್ತುಹಾಕಬೇಕು, ಪಾಸ್‌ವರ್ಡ್ ಬದಲಾಯಿಸಬೇಕು, ಫೈಲನ್ನು ಸರ್ವರ್ ಮತ್ತೆ ಓದುವಂತೆ ಮಾಡಬೇಕು. ಅಷ್ಟರಲ್ಲಿ ವರ್ಣ ಮುಗಿದು ಮುಂದಿನ ಕೃತಿಯೂ ಶುರುವಾಗಿರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಅಥೆಂಟಿಕೇಶನ್ ಭಾಗದಲ್ಲಿರುವ ಸೋರ್ಸ್ ಪಾಸ್‌ವರ್ಡ್ ಇಡೀ ಸರ್ವರ್‌ಗೆ ಅನ್ವಯಿಸುತ್ತದೆ. ಅದು ಗೊತ್ತಿದ್ದವರು ತಮಗೆ ಬೇಕಾದ ಹೆಸರಿನಲ್ಲಿ ಹೊಸ ಮೌಂಟ್ ಶುರು ಮಾಡಬಹುದು. ಅವರು ಕಳ್ಳರೇ ಆಗಿರಬೇಕಿಲ್ಲ. ಗಡಿಬಿಡಿಯಲ್ಲಿ ಕಾರ್ಯಕರ್ತರೊಬ್ಬರು ಕಛೇರಿ ಅನ್ನುವ ಕಡೆ ಕಛೇರಿ2 ಅಂತ ಟೈಪ್ ಮಾಡಿದರೂ ಸಾಕು. ಕಛೇರಿಗೆ ಹಾಕಿದ ಕೇಳುಗರ ಬೀಗ ಕಛೇರಿ2ಕ್ಕೆ ಇರುವುದಿಲ್ಲ. ಅದು ಊರಿಗೆಲ್ಲ ತೆರೆದ ಬಾಗಿಲು. ಸರ್ವರ್‌ನ ಸ್ಟೇಟಸ್ ಪುಟದಲ್ಲಿ, ಅಂದರೆ ಯಾವ ಮೌಂಟ್‌ಗಳು ನಡೆಯುತ್ತಿವೆ ಅಂತ ತೋರಿಸುವ ವೆಬ್ ಪುಟದಲ್ಲಿ, ಅದರ ಹೆಸರೂ ಕಾಣಿಸುತ್ತದೆ.

ಇದಕ್ಕೆ ಎರಡು ಉಪಾಯ. ಒಂದು, ಮೌಂಟ್ ಭಾಗದಲ್ಲಿ ಆ ಮೌಂಟ್‌ಗೇ ಪ್ರತ್ಯೇಕ ಯೂಸರ್‌ನೇಮ್, ಪಾಸ್‌ವರ್ಡ್ ಕೊಡಿ. ಕಾರ್ಯಕರ್ತರಿಗೆ ಹೇಳುವುದು ಅದನ್ನು ಮಾತ್ರ. ಇಡೀ ಸರ್ವರ್‌ನ ಸೋರ್ಸ್ ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ. ಎರಡು, ಐಸ್‌ಕಾಸ್ಟ್‌ನ 2.4 ಆವೃತ್ತಿಯಿಂದ ಡೀಫಾಲ್ಟ್ ಅನ್ನುವ ಬಗೆಯ ಮೌಂಟ್ ಸೆಟ್ಟಿಂಗ್ ಇದೆ. ಪ್ರತ್ಯೇಕವಾಗಿ ಬರೆಯದ ಎಲ್ಲ ಮೌಂಟ್‌ಗಳಿಗೂ ಅದು ಅನ್ವಯಿಸುತ್ತದೆ. ಅದರಲ್ಲೂ ಕೇಳುಗರ ಬೀಗ ಹಾಕಿಬಿಟ್ಟರೆ ಹೆಸರು ತಪ್ಪಿ ಶುರುವಾದ ಮೌಂಟ್‌ಗೂ ಬೀಗ ಇರುತ್ತದೆ. ಆದರೆ ಕಛೇರಿ ಮೌಂಟನ್ನು ಪ್ರತ್ಯೇಕವಾಗಿ ಬರೆದಿದ್ದರೆ ಡೀಫಾಲ್ಟ್‌ನಿಂದ ಅದಕ್ಕೆ ಏನೂ ಬರುವುದಿಲ್ಲ. ಬೀಗವನ್ನು ಅಲ್ಲಿಯೂ ಇನ್ನೊಮ್ಮೆ ಬರೆಯಬೇಕು.

ಐದಾರು ಜನ ಸರದಿಯಲ್ಲಿ ಪ್ರಸಾರ ಮಾಡುವುದಾದರೆ ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್ ಇರಬೇಕು. ಒಬ್ಬರು ಸಭೆ ಬಿಟ್ಟು ಹೋದ ದಿನ ಎಲ್ಲರ ಲ್ಯಾಪ್‌ಟಾಪ್ ತಿದ್ದುವ ಕೆಲಸ ಆಗ ಬರುವುದಿಲ್ಲ. ಅಝುರಾಕಾಸ್ಟ್‌ನಂಥ ತಂತ್ರಾಂಶದಲ್ಲಿ ಪ್ರತಿಯೊಬ್ಬ ಪ್ರಸಾರಕರಿಗೂ ಖಾತೆ ಮಾಡಬಹುದು, ಅವರ ಸಮಯವನ್ನೂ ನಿಗದಿ ಮಾಡಬಹುದು. ಎಕ್ಸ್‌ಎಂಎಲ್ ಕಂಡರೆ ಆಗದವರು ನೇರವಾಗಿ ಅದನ್ನೇ ಹಾಕಿಕೊಳ್ಳುವುದು ಒಳ್ಳೆಯದು.

ಕೇಳುಗರನ್ನು ಗುರುತಿಸುವುದು

ಈಗ ಕೇಳುಗರ ಬಾಗಿಲು. ಕೆಲಸ ಆಗುವ ರೀತಿ ಸರಳ. ಕೇಳುಗನ ಪ್ಲೇಯರ್ ಬಂದು ಸ್ಟ್ರೀಮ್ ಕೇಳುತ್ತದೆ. ಸರ್ವರ್ 401 ಅನ್ನುವ ಉತ್ತರ ಕೊಡುತ್ತದೆ, ಅಂದರೆ ನೀನು ಯಾರು ಅಂತ ಹೇಳು ಅಂತ. ವಿಎಲ್‌ಸಿಯಂಥ ಪ್ಲೇಯರ್ ಆಗ ಒಂದು ಚಿಕ್ಕ ಪೆಟ್ಟಿಗೆ ತೆರೆದು ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಬರೆದದ್ದನ್ನು ಸರ್ವರ್‌ಗೆ ಕಳಿಸುತ್ತದೆ. ಸರಿ ಇದ್ದರೆ ಹಾಡು ಹರಿಯಲು ಶುರು.

ಇದಕ್ಕೆ ಬೇಸಿಕ್ ಅಥೆಂಟಿಕೇಶನ್ ಅಂತ ಹೆಸರು. ಇದರಲ್ಲಿ ಪಾಸ್‌ವರ್ಡ್ ಬೇಸ್64 ರೂಪದಲ್ಲಿ ಹೋಗುತ್ತದೆ. ನೋಡಲು ಗುಪ್ತ ಲಿಪಿಯ ಹಾಗೆ ಇರುತ್ತದೆ, ಆದರೆ ಅದರಲ್ಲಿ ಗುಟ್ಟು ಏನೂ ಇಲ್ಲ. ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಿ ಓದಬಹುದು. ಈ ವಿಷಯಕ್ಕೆ ಮುಂದೆ ಬರುತ್ತೇನೆ.

ಸದಸ್ಯರ ಪಟ್ಟಿ ಎಲ್ಲಿ ಇಡುವುದು? ಐಸ್‌ಕಾಸ್ಟ್ ಎರಡು ದಾರಿ ಕೊಡುತ್ತದೆ. ಮೊದಲನೆಯದು ಎಚ್‌ಟಿಪಾಸ್‌ವರ್ಡ್ ಫೈಲ್. ಒಂದು ಸಾಲಿಗೆ ಒಬ್ಬ ಸದಸ್ಯ: ಹೆಸರು, ಕೋಲನ್, ಪಾಸ್‌ವರ್ಡ್‌ನ ಹ್ಯಾಶ್. ಹ್ಯಾಶ್ ಅಂದರೆ ಇಲ್ಲಿ ಚಿಹ್ನೆಯಲ್ಲ, ಪಾಸ್‌ವರ್ಡನ್ನು ಲೆಕ್ಕಕ್ಕೆ ಹಾಕಿ ಮಾಡಿದ, ನೇರವಾಗಿ ಹಿಂದಕ್ಕೆ ಬಿಡಿಸಲಾಗದ ಅಕ್ಷರಮಾಲೆ. ಅಪಾಚೆ ವೆಬ್ ಸರ್ವರ್‌ಗೂ ಇದೇ ಹೆಸರಿನ ಫೈಲ್ ಇದೆ, ಆದರೆ ಒಳಗಿನ ರೂಪ ಬೇರೆ. ಅದಕ್ಕೆ ಮಾಡಿದ ಫೈಲನ್ನು ತಂದು ಇಲ್ಲಿ ಇಟ್ಟರೆ ಯಾರೂ ಒಳಗೆ ಬರಲಾರರು. ಅಡ್ಮಿನ್ ಪುಟದಿಂದಲೇ ಸದಸ್ಯರನ್ನು ಸೇರಿಸುವುದು ಸುಲಭ. ಅದಕ್ಕೆ ಆ ಫೈಲಿಗೆ ಬರೆಯುವ ಅನುಮತಿ ಐಸ್‌ಕಾಸ್ಟ್‌ಗೆ ಇರಬೇಕು. ಬೇರೆ ಯಾರಿಗೂ ಓದುವ ಅನುಮತಿ ಇರಬಾರದು, ಯಾಕೆಂದರೆ 2.4ರ ಆವೃತ್ತಿಗಳಲ್ಲಿ ಅದು ಬಳಸುವುದು ಎಂಡಿ5 ಅನ್ನುವ ಹಳೆಯ ಹ್ಯಾಶ್. ಅದೂ ಸಾಲ್ಟ್ ಇಲ್ಲದೆ, ಅಂದರೆ ಪ್ರತಿ ಪಾಸ್‌ವರ್ಡ್‌ಗೂ ಬೇರೆ ಬೇರೆ ಅಕ್ಷರ ಬೆರೆಸದೆ. ಇಬ್ಬರು ಸದಸ್ಯರ ಪಾಸ್‌ವರ್ಡ್ ಒಂದೇ ಆಗಿದ್ದರೆ ಹ್ಯಾಶ್ ಕೂಡ ಒಂದೇ ಇರುತ್ತದೆ. ಫೈಲ್ ಸೋರಿದರೆ ಸುಲಭದ ಪಾಸ್‌ವರ್ಡ್‌ಗಳು ನಿಮಿಷದಲ್ಲಿ ಬಯಲಾಗುತ್ತವೆ. ಹಾಗಾಗಿ ಪಾಸ್‌ವರ್ಡ್ ಆರಿಸಲು ಸದಸ್ಯರಿಗೇ ಬಿಡಬೇಡಿ, ನೀವೇ ಮಾಡಿಕೊಡಿ. ಬಿಟ್ಟರೆ ಬ್ಯಾಂಕಿಗೆ ಬಳಸುವುದನ್ನೇ ಇಲ್ಲೂ ಇಡುವವರು ಖಂಡಿತ ಇರುತ್ತಾರೆ.

ಒಂದೇ ಹೆಸರಿನಲ್ಲಿ ಇಬ್ಬರು ಕೇಳದಂತೆ ತಡೆಯುವ ಆಯ್ಕೆಯೂ ಈ ವಿಧಾನದಲ್ಲಿದೆ. ಪಾಸ್‌ವರ್ಡ್ ಹಂಚುವವರಿಗೆ ಕಡಿವಾಣ ಹಾಕಲು ಚೆನ್ನಾಗಿದೆ ಅಂತ ಎಲ್ಲರೂ ಅದನ್ನು ಹಾಕುತ್ತಾರೆ. ಆಮೇಲೆ ದೂರು ಶುರು. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಬರುತ್ತಾ ಕೇಳುವ ಸದಸ್ಯರೊಬ್ಬರನ್ನು ನೆನೆಸಿಕೊಳ್ಳಿ. ಪಾಂಡವಪುರದ ಹತ್ತಿರ ಸಿಗ್ನಲ್ ಹೋಗುತ್ತದೆ. ಸಿಗ್ನಲ್ ಬಂದ ತಕ್ಷಣ ಪ್ಲೇಯರ್ ಮತ್ತೆ ಸರ್ವರ್ ಬಾಗಿಲು ತಟ್ಟುತ್ತದೆ. ಆದರೆ ಹಳೆಯ ಸಂಪರ್ಕ ಸತ್ತಿದ್ದು ಸರ್ವರ್‌ಗೆ ಇನ್ನೂ ಗೊತ್ತಾಗಿರುವುದಿಲ್ಲ. ಕೇಳುಗ ಇಷ್ಟು ಹಿಂದೆ ಬಿದ್ದರೆ ಮಾತ್ರ ತೆಗೆದುಹಾಕು ಅನ್ನುವ ಮಿತಿ ಅದಕ್ಕಿದೆ. ಡೀಫಾಲ್ಟ್ ಮಿತಿ 5,24,288 ಬೈಟ್. 128 ಕಿಲೋಬಿಟ್ ಸ್ಟ್ರೀಮ್‌ನಲ್ಲಿ ಅಷ್ಟು ತುಂಬಲು ಸುಮಾರು 33 ಸೆಕೆಂಡ್ ಬೇಕು, 64 ಕಿಲೋಬಿಟ್‌ನಲ್ಲಿ ಅದರ ಎರಡರಷ್ಟು. ಅಲ್ಲಿಯವರೆಗೂ ಆ ಸದಸ್ಯರನ್ನು ನೀವು ಆಗಲೇ ಒಳಗಿದ್ದೀರಲ್ಲ ಅಂತ ಸರ್ವರ್ ಹೊರಗೇ ನಿಲ್ಲಿಸುತ್ತದೆ. ಪಾಸ್‌ವರ್ಡ್ ಹಂಚುವ ನಾಲ್ಕು ಜನರಿಗೋಸ್ಕರ ರೈಲಿನಲ್ಲಿರುವವರಿಗೆ ಈ ಶಿಕ್ಷೆ ಯಾಕೆ? ನಾನಾದರೆ ಆ ಆಯ್ಕೆ ಹಾಕುವುದಿಲ್ಲ.

ಐಪಿ ವಿಳಾಸ ನೋಡಿ ತಡೆಯುವುದು ಇನ್ನೂ ಕೆಟ್ಟ ಯೋಚನೆ. ಮೊಬೈಲ್ ಕಂಪನಿಗಳು ಒಂದೇ ಐಪಿಯನ್ನು ಬಹಳಷ್ಟು ಗ್ರಾಹಕರಿಗೆ ಹಂಚುತ್ತವೆ. ಸಂಬಂಧವೇ ಇಲ್ಲದ ಇಬ್ಬರು ಸದಸ್ಯರು ಸರ್ವರ್‌ಗೆ ಒಬ್ಬರ ಹಾಗೆ ಕಾಣಬಹುದು.

ಪಟ್ಟಿ ಬದಲಾಗುತ್ತಲೇ ಇದ್ದರೆ

ಸದಸ್ಯತ್ವ ತಿಂಗಳಿಗೊಮ್ಮೆ ಬದಲಾಗುತ್ತದೆ, ಚಂದಾ ಕಟ್ಟಿದವರ ಲೆಕ್ಕ ಬೇರೆ ಡೇಟಾಬೇಸ್‌ನಲ್ಲಿದೆ ಅಂದರೆ ಎರಡನೆಯ ದಾರಿ ಹಿಡಿಯಬೇಕು. ಅದು ಯುಆರ್‌ಎಲ್ ಅಥೆಂಟಿಕೇಶನ್. ಇಲ್ಲಿ ಐಸ್‌ಕಾಸ್ಟ್ ತಾನು ಏನೂ ನಿರ್ಧಾರ ಮಾಡುವುದಿಲ್ಲ. ಕೇಳುಗ ಬಂದ ಕೂಡಲೇ ನೀವು ಹೇಳಿದ ವಿಳಾಸಕ್ಕೆ ಒಂದು ವಿನಂತಿ ಕಳಿಸುತ್ತದೆ. ಹೆಸರು, ಪಾಸ್‌ವರ್ಡ್, ಐಪಿ, ಯಾವ ಮೌಂಟ್, ಯಾವ ಪ್ಲೇಯರ್, ಎಲ್ಲವೂ ಅದರಲ್ಲಿ ಇರುತ್ತವೆ. ಆ ವಿಳಾಸದಲ್ಲಿ ನೀವು ಬರೆದ ಪುಟ್ಟ ಸ್ಕ್ರಿಪ್ಟ್ ಇರುತ್ತದೆ. ಪಿಎಚ್‌ಪಿ, ಪೈಥಾನ್, ಯಾವುದಾದರೂ ಸರಿ. ಅದು ಡೇಟಾಬೇಸ್ ನೋಡಿ, ಒಪ್ಪಿಗೆ ಆದರೆ ಐಸ್‌ಕಾಸ್ಟ್-ಆಥ್-ಯೂಸರ್ ಅನ್ನುವ ಹೆಡರ್‌ಗೆ (ಉತ್ತರದ ತಲೆಯಲ್ಲಿ ಹೋಗುವ ಸಾಲು) 1 ಅಂತ ಹಾಕಿ ಉತ್ತರ ಕೊಡುತ್ತದೆ. ಆ ಹೆಡರ್ ಇಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ. ಕೇಳುಗ ಹೋದಾಗಲೂ ಇನ್ನೊಂದು ವಿನಂತಿ ಬರುತ್ತದೆ. ಎಷ್ಟು ಸೆಕೆಂಡ್ ಕೇಳಿದರು ಅನ್ನುವ ಲೆಕ್ಕ ಅದರಲ್ಲಿರುತ್ತದೆ. ಸೋರ್ಸ್‌ಗಳನ್ನೂ ಇದೇ ರೀತಿ ಸ್ಕ್ರಿಪ್ಟ್‌ನಿಂದ ಪರೀಕ್ಷಿಸಲು ಸ್ಟ್ರೀಮ್-ಆಥ್ ಅನ್ನುವ ಆಯ್ಕೆ ಇದೆ.

ಈ ಸ್ಕ್ರಿಪ್ಟ್ ಕುಸಿದು ಬಿದ್ದರೆ ಹೊಸಬರು ಯಾರೂ ಒಳಗೆ ಬರಲಾರರು. ಕಛೇರಿ ದಿನ ಐಸ್‌ಕಾಸ್ಟ್ ಜೊತೆ ಇದನ್ನೂ ನೋಡಿಕೊಳ್ಳಬೇಕು. 150 ಜನರ ಸಭೆಗೆ ಇಷ್ಟು ಬೇಕಾ? ಪಟ್ಟಿ ವರ್ಷಕ್ಕೊಮ್ಮೆ ಬದಲಾಗುವುದಾದರೆ ಬೇಡ. ಎಚ್‌ಟಿಪಾಸ್‌ವರ್ಡ್ ಸಾಕು.

ಆದರೆ ಸಭೆಯ ವೆಬ್‌ಸೈಟ್‌ನಲ್ಲೇ ಪ್ಲೇ ಬಟನ್ ಇಡಬೇಕು ಅಂದರೆ ಲೆಕ್ಕ ಬದಲಾಗುತ್ತದೆ. ಮೊದಲೆಲ್ಲ ವಿಳಾಸದೊಳಗೇ ಹೆಸರು, ಪಾಸ್‌ವರ್ಡ್ ಸೇರಿಸಿ ಪುಟದಲ್ಲಿ ಹಾಕುತ್ತಿದ್ದರು. ಈಗ ಕ್ರೋಮ್ ಪುಟದ ಒಳಗಿನ ಆಡಿಯೊಗೆ ಹಾಗೆ ಮಾಡಲು ಬಿಡುವುದಿಲ್ಲ. ಬಿಡುತ್ತಿದ್ದರೂ ಪುಟದ ಹಿಂದಿನ ಕೋಡ್ ತೆಗೆದು ನೋಡಿದವರಿಗೆ ಪಾಸ್‌ವರ್ಡ್ ಕಾಣಿಸುತ್ತಿತ್ತು. ಅದರ ಬದಲು ಟೋಕನ್ ಕೊಡಬೇಕು. ಸದಸ್ಯರು ವೆಬ್‌ಸೈಟ್‌ಗೆ ಲಾಗಿನ್ ಆದ ಮೇಲೆ ಸ್ಟ್ರೀಮ್ ವಿಳಾಸದ ಕೊನೆಗೆ ಒಂದು ಉದ್ದನೆಯ ಅಕ್ಷರಮಾಲೆ ಸೇರಿಸಿ ಕೊಡುತ್ತೀರಿ. ಯಾರಿಗೆ ಕೊಟ್ಟಿದ್ದು, ಎಷ್ಟು ಗಂಟೆಯವರೆಗೆ ನಡೆಯುತ್ತದೆ, ಎರಡೂ ಅದರಲ್ಲಿ ಇರುತ್ತವೆ. ಜೊತೆಗೆ ನಿಮ್ಮ ಸರ್ವರ್‌ಗೆ ಮಾತ್ರ ಗೊತ್ತಿರುವ ಗುಟ್ಟಿನಿಂದ ಮಾಡಿದ ಸಹಿ. ಐಸ್‌ಕಾಸ್ಟ್ ಮೌಂಟ್ ಹೆಸರಿನ ಜೊತೆ ಈ ಬಾಲವನ್ನೂ ಸ್ಕ್ರಿಪ್ಟ್‌ಗೆ ದಾಟಿಸುತ್ತದೆ. ಸ್ಕ್ರಿಪ್ಟ್ ಸಹಿ ಮತ್ತು ಸಮಯ ನೋಡಿ ಹೂಂ ಅಥವಾ ಉಹೂಂ ಅನ್ನುತ್ತದೆ. ಟೋಕನ್‌ಗಳು ಸರ್ವರ್‌ನ ಲಾಗ್ ಫೈಲಿನಲ್ಲಿ ಹಾಗೇ ದಾಖಲಾಗುತ್ತವೆ. ಅದಕ್ಕೇ ಆಯುಷ್ಯ ಚಿಕ್ಕದಿರಲಿ. ಸಂಪರ್ಕ ಶುರುವಾಗಲು ಹತ್ತು ನಿಮಿಷ ನಡೆದರೆ ಸಾಕು.

ಯಾಕೆ ಸಾಕು ಅಂದರೆ, ಪರೀಕ್ಷೆ ನಡೆಯುವುದು ಬಾಗಿಲಲ್ಲಿ ಒಂದೇ ಸಲ. ಒಳಗೆ ಬಂದವರನ್ನು ಐಸ್‌ಕಾಸ್ಟ್ ಮತ್ತೆ ಕೇಳುವುದಿಲ್ಲ. ಇದಕ್ಕೆ ಇನ್ನೊಂದು ಮುಖವೂ ಇದೆ. ಪಟ್ಟಿಯಿಂದ ಒಬ್ಬರ ಹೆಸರು ಅಳಿಸಿದರೆ ಆ ಕ್ಷಣ ಕೇಳುತ್ತಿರುವವರ ಹಾಡು ನಿಲ್ಲುವುದಿಲ್ಲ. ನಿಲ್ಲಿಸಲೇಬೇಕಾದರೆ ಅಡ್ಮಿನ್ ಪುಟದಲ್ಲಿ ಕೇಳುಗರ ಪಟ್ಟಿ ತೆಗೆದು ಆ ಸಂಪರ್ಕ ಕಡಿಯಬೇಕು. ಇಲ್ಲವೇ ಇಂತಿಷ್ಟು ಸೆಕೆಂಡ್ ಆದ ಮೇಲೆ ಹೊರಗೆ ಕಳಿಸು ಅನ್ನುವ ಸಮಯಮಿತಿಯ ಹೆಡರನ್ನು ಸ್ಕ್ರಿಪ್ಟ್ ಮೊದಲೇ ಕೊಟ್ಟಿರಬೇಕು.

ದಾರಿಯಲ್ಲಿ ಕದಿಯುವವರು

ಬೇಸ್64 ಬಗ್ಗೆ ಹೇಳಿದ್ದೆ ಅಲ್ವಾ? ಸಾದಾ ಎಚ್‌ಟಿಟಿಪಿಯಲ್ಲಿ ಪಾಸ್‌ವರ್ಡ್ ಹೋದರೆ ದಾರಿಯಲ್ಲಿ ಯಾರಾದರೂ ಓದಬಹುದು. ಹೋಟೆಲಿನ ವೈಫೈ ಇರಲಿ, ಕಾಲೇಜಿನ ವೈಫೈ ಇರಲಿ. ದಾರಿಯಲ್ಲಿ ಹೋಗುವುದನ್ನು ಗುಪ್ತ ಲಿಪಿಗೆ ತಿರುಗಿಸುವ ಟಿಎಲ್‌ಎಸ್ ಬೇಕು, ಅಂದರೆ ಎಚ್‌ಟಿಟಿಪಿಎಸ್. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆಯಿಂದ ಅದಕ್ಕೆ ಬೇಕಾದ ಸರ್ಟಿಫಿಕೇಟ್ ಉಚಿತವಾಗಿ ಸಿಗುತ್ತದೆ. ಸಾಮಾನ್ಯವಾಗಿ ಮಾಡುವುದು ಹೀಗೆ: ಐಸ್‌ಕಾಸ್ಟ್ ಮುಂದೆ ಎಂಜಿನ್‌ಎಕ್ಸ್ ವೆಬ್ ಸರ್ವರ್ ನಿಲ್ಲಿಸಿ, ಸರ್ಟಿಫಿಕೇಟ್ ಅದಕ್ಕೆ ಕೊಟ್ಟು, ಕೇಳುಗರನ್ನೆಲ್ಲ ಅದರ ಮೂಲಕ ಬಿಡುತ್ತಾರೆ. ಎಂಜಿನ್‌ಎಕ್ಸ್‌ನಲ್ಲಿ ಪ್ರಾಕ್ಸಿ ಬಫರಿಂಗ್, ಅಂದರೆ ಬಂದದ್ದನ್ನು ಕೂಡಿಟ್ಟುಕೊಂಡು ಕಳಿಸುವ ಆಯ್ಕೆ, ಆಫ್ ಮಾಡುವುದನ್ನು ಮರೆಯಬೇಡಿ.

ಇಲ್ಲೇ ಒಂದು ಕಡೆ ಬಾಗಿಲು ತೆರೆದು ಉಳಿಯುತ್ತದೆ. ಕೇಳುಗರ ಕಡೆ ಎಲ್ಲ ಭದ್ರ. ಆದರೆ ವೇದಿಕೆ ಪಕ್ಕದ ಲ್ಯಾಪ್‌ಟಾಪ್ ಇನ್ನೂ ನೇರವಾಗಿ 8000ಕ್ಕೆ, ಸಾದಾ ಎಚ್‌ಟಿಟಿಪಿಯಲ್ಲಿ ಹಾಡು ಕಳಿಸುತ್ತಿರುತ್ತದೆ. ಹಳೆಯ ಸೋರ್ಸ್ ತಂತ್ರಾಂಶಗಳು ಬಳಸುವ ವಿನಂತಿ ಎಚ್‌ಟಿಟಿಪಿಯ ನಿಯಮದಲ್ಲೇ ಇಲ್ಲದ್ದು, ಅದನ್ನು ಎಂಜಿನ್‌ಎಕ್ಸ್ ಮೂಲಕ ಕಳಿಸಲು ಹೋದರೆ ತೊಂದರೆ. ಹಾಗಾಗಿ ಎಲ್ಲರೂ ಅದನ್ನು ಹಾಗೇ ಬಿಟ್ಟುಬಿಡುತ್ತಾರೆ. ಪಂಕ್ತಿಯ ಬಾಗಿಲಿಗೆ ಕಾವಲು, ಮೈಕ್ ಮಾತ್ರ ಬೀದಿಯಲ್ಲಿ! ಸರಿ ಮಾಡಲು ದಾರಿ ಇದೆ. ಐಸ್‌ಕಾಸ್ಟ್‌ನಲ್ಲೇ ಟಿಎಲ್‌ಎಸ್ ಇರುವ ಇನ್ನೊಂದು ಪೋರ್ಟ್ ತೆರೆದು ಸೋರ್ಸನ್ನು ಅಲ್ಲಿಗೆ ಕಳಿಸಬಹುದು. ನಿಮ್ಮ ಐಸ್‌ಕಾಸ್ಟ್ ಓಪನ್‌ಎಸ್‌ಎಸ್‌ಎಲ್ (ಟಿಎಲ್‌ಎಸ್ ಕೆಲಸ ಮಾಡುವ ತಂತ್ರಾಂಶ) ಸೇರಿಸಿ ಕಟ್ಟಿದ್ದಾಗಿರಬೇಕು, ಎಲ್ಲ ಪ್ಯಾಕೇಜ್‌ಗಳೂ ಹಾಗಿರುವುದಿಲ್ಲ. ಬಟ್ ಅನ್ನುವ ಪ್ರಸಾರ ತಂತ್ರಾಂಶದಲ್ಲಿ ಟಿಎಲ್‌ಎಸ್ ಆಯ್ಕೆ ಇದೆ. ಇದು ಆಗದಿದ್ದರೆ ಲ್ಯಾಪ್‌ಟಾಪ್‌ನಿಂದ ಸರ್ವರ್‌ಗೆ ಎಸ್‌ಎಸ್‌ಎಚ್ ಸುರಂಗ ಅಥವಾ ವೈರ್‌ಗಾರ್ಡ್ ವಿಪಿಎನ್ ಮಾಡಿ (ಎರಡೂ ಗುಪ್ತ ಲಿಪಿಯಲ್ಲಿ ಸಾಗುವ ಖಾಸಗಿ ದಾರಿಗಳೇ), 8000 ಪೋರ್ಟನ್ನು ಹೊರಗಿನವರಿಗೆ ಪೂರ್ತಿ ಮುಚ್ಚಿ. ಅಡ್ಮಿನ್ ಪುಟಕ್ಕೂ ಅದೇ ದಾರಿಯಿಂದ ಹೋಗುವುದು ಕ್ಷೇಮ. ಆಗ ಎಂಜಿನ್‌ಎಕ್ಸ್‌ನಲ್ಲಿ ಅಡ್ಮಿನ್ ವಿಳಾಸವನ್ನೇ ತಡೆದುಬಿಡಬಹುದು. ಹಾಡಿನ ಹೆಸರು ಬದಲಾಯಿಸುವ ಮೆಟಾಡೇಟಾ ವಿನಂತಿಯೂ ಅಡ್ಮಿನ್ ವಿಳಾಸದ ಕೆಳಗೇ ಬರುತ್ತದೆ, ಅದು ನೆನಪಿರಲಿ. ಸೋರ್ಸ್ ಸುರಂಗದಿಂದ ಬರುತ್ತಿದ್ದರೆ ಅದಕ್ಕೆ ಅಡ್ಡಿಯಾಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಒಳಗೆ ಬಂದ ಸದಸ್ಯರು ರೆಕಾರ್ಡ್ ಮಾಡಿಕೊಳ್ಳುವುದನ್ನು ಯಾವ ಪಾಸ್‌ವರ್ಡೂ ತಡೆಯುವುದಿಲ್ಲ. ಕಲಾವಿದರಿಗೆ ಇದನ್ನು ಮೊದಲೇ ಹೇಳಿಬಿಡುವುದು ಮರ್ಯಾದೆ.

ಕಛೇರಿಗೆ ಒಂದು ವಾರ ಮೊದಲು ಪರೀಕ್ಷೆ ಮಾಡಿ, ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ. ಪಾಸ್‌ವರ್ಡ್ ಇಲ್ಲದೆ ಕೇಳಿ, 401 ಬರಬೇಕು. ತಪ್ಪು ಪಾಸ್‌ವರ್ಡ್ ಕೊಟ್ಟರೂ 401. ಸರಿಯಾದದ್ದಕ್ಕೆ ಹಾಡು ಬರಬೇಕು. ಆಮೇಲೆ ಸ್ಟೇಟಸ್ ಪುಟ ತೆಗೆದು ಅಲ್ಲಿ ಕಾಣುವ ಪ್ರತಿಯೊಂದು ಮೌಂಟನ್ನೂ ಪಾಸ್‌ವರ್ಡ್ ಇಲ್ಲದೆ ಕೇಳಿ ನೋಡಿ. ಮೌಂಟನ್ನು ಹಿಡನ್ ಮಾಡಿದರೆ ಈ ಪುಟದಲ್ಲಿ ಹೆಸರು ಕಾಣುವುದಿಲ್ಲ ಅಷ್ಟೇ, ವಿಳಾಸ ಗೊತ್ತಿದ್ದವರಿಗೆ ತೆರೆದೇ ಇರುತ್ತದೆ. ಅಂಥವನ್ನೂ ಸೇರಿಸಿ ನೋಡಿ. ಸೋರ್ಸ್ ಕಡಿದಾಗ ಕೇಳುಗರನ್ನು ಸಾಗಿಸುವ ಫಾಲ್‌ಬ್ಯಾಕ್ ಮೌಂಟ್ ಇಟ್ಟಿದ್ದರೆ ಅದನ್ನು ವಿಶೇಷವಾಗಿ ನೋಡಿ. ಮುಖ್ಯ ಮೌಂಟ್‌ಗೆ ಬೀಗ ಹಾಕಿ ಇದನ್ನು ಮರೆಯುವವರು ಬಹಳ. ತಂಬೂರಿ ಶ್ರುತಿ ಮಾತ್ರ ಹಾಕಿದ್ದರೆ ತೆರೆದಿದ್ದರೂ ನಷ್ಟವಿಲ್ಲ. ಹೋದ ವರ್ಷದ ಕಛೇರಿಯ ರೆಕಾರ್ಡಿಂಗ್ ಹಾಕಿದ್ದರೆ ಅದಕ್ಕೂ ಬೀಗ ಬೇಕು.